ಸಜ್ಜಾದ ಕೆಳಗಿನ ಸನ್ಮಾನ

ನಮ್ಮ ಯಜಮಾನರಿಗೆ ಸನ್ಮಾನದ ಹುಚ್ಚು. ಮಾಡಿಸಿಕೊಳ್ಳುವ ಹುಚ್ಚಲ್ಲ, ಬೇರೆಯವರಿಗೆ ಮಾಡುವ ಹುಚ್ಚು. ಗಂಗಾಧರಯ್ಯನವರು ಖಜಾನೆ ಇಲಾಖೆಯಿಂದ ನಿವೃತ್ತರಾಗಿ ನಮ್ಮ ಬಿ ಬ್ಲಾಕಿನ ನಿವಾಸಿಗಳ ಸಂಘಕ್ಕೆ ಅಧ್ಯಕ್ಷರಾದಾಗಿನಿಂದ ನನ್ನ ಮನೆಯ ಅಟ್ಟದಲ್ಲಿ ಒಂದು ರಟ್ಟಿನ ಪೆಟ್ಟಿಗೆ ಬಂದು ಕೂತಿದೆ. ಅದರ ತುಂಬ ಮೈಸೂರು ಪೇಟ, ಶಾಲು, ಹಾರ. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಗೆ ಸನ್ಮಾನ, ನಿವೃತ್ತನಾದ ಅಂಚೆಯಣ್ಣನಿಗೆ ಸನ್ಮಾನ. ಒಮ್ಮೆ ಭಾನುವಾರವೂ ಬಂದು ನೀರಿನ ಮೋಟರು ರಿಪೇರಿ ಮಾಡಿದ ಅಂತ ಮೆಕ್ಯಾನಿಕ್‌ನನ್ನೂ ಹಿಡಿದು ಕೂರಿಸಿ ಪೇಟ ತೊಡಿಸಿದರು. ಮೋಟರು ಮಾರನೇ ದಿನವೇ ಕೆಟ್ಟು ನಿಂತಿತು. ಪೇಟ ತೊಟ್ಟವನನ್ನು ಮತ್ತೆ ಕರೆಯಲು ಇವರಿಗೆ ಸಂಕೋಚ, ಬರಲು ಅವನಿಗೆ ಸಂಕೋಚ. ನಾವು ಬಕೆಟ್ ಹಿಡಿದು ಮೂರು ಮಹಡಿ ಹತ್ತಿದೆವು.

“ಲೇ ಕಲ್ಯಾಣಿ, ನಾಲ್ಕು ಜನರ ಮುಂದೆ ಒಬ್ಬರನ್ನ ಹೊಗಳಿದ್ರೆ ನಮ್ಮ ಗಂಟೇನು ಹೋಗುತ್ತೆ?” ಅನ್ನುತ್ತಾರೆ.

ಏನು ಹೋಗುತ್ತೆ ಎಂಬುದು ಸಂಪತ್ ಬಂದ ಮೇಲೆ ಗೊತ್ತಾಯಿತು.

ಹೊಸಹಳ್ಳಿ ಮೆಟ್ರೋ ಇಳಿದು ಮಾರೇನಹಳ್ಳಿ ಕಡೆ ನಡೆದರೆ ನಮ್ಮ ಸೊಸೈಟಿಯ ನಾಲ್ಕು ಬ್ಲಾಕುಗಳು ಸಿಗುತ್ತವೆ. ನಾವು ದಾವಣಗೆರೆಯಿಂದ ಬಂದು ಇಲ್ಲಿ ಮನೆ ಮಾಡಿದಾಗ ಕಟ್ಟಡವೂ ಹೊಸದು, ನಾನೂ ಹೊಸಬಳು. ಈಗ ಇಬ್ಬರಿಗೂ ಮಂಡಿನೋವು. ಕಿಟಕಿಗಳ ಮೇಲಿನ ಸಜ್ಜಾಗಳಲ್ಲಿ ಕಂಬಿ ತುಕ್ಕು ಹಿಡಿದು ಉಬ್ಬಿ, ಗಾರೆ ಬಿರುಕು ಬಿಟ್ಟು, ಮಳೆಗಾಲದಲ್ಲಿ ಚೂರುಚೂರಾಗಿ ಉದುರುತ್ತಿತ್ತು. ಎಲ್ಲ ಮನೆಗಳವರೂ ಸೇರಿ ಹಣ ಹಾಕಿ ರಿಪೇರಿ ಮಾಡಿಸುವುದೆಂದು ತೀರ್ಮಾನವಾಯಿತು. ಮೊದಲು ನಮ್ಮ ಬಿ ಬ್ಲಾಕು, ಅದು ಚೆನ್ನಾಗಿ ಬಂದರೆ ಉಳಿದ ಮೂರು ಬ್ಲಾಕುಗಳೂ ಅದೇ ಕಂಟ್ರಾಕ್ಟರಿಗೆ.

ಕಂಟ್ರಾಕ್ಟರ್ ಸಂಪತ್‌ಗೆ ನಲವತ್ತರ ಆಸುಪಾಸು. ಮಾತು ಎಂದರೆ ಮಾತು! ಬಂದ ದಿನವೇ ನಮ್ಮ ಯಜಮಾನರ ಕಾಲು ಮುಟ್ಟಿದ. ನನ್ನ ಅವಲಕ್ಕಿಯನ್ನು ಎರಡು ಸಲ ಹಾಕಿಸಿಕೊಂಡು, “ಆಂಟಿ, ನಮ್ಮಮ್ಮನ ಕೈರುಚಿ ನೆನಪಾಯ್ತು” ಎಂದ. ಕೆಲಸವೂ ಮಾತಿನಷ್ಟೇ ಸಲೀಸಾಗಿ ಸಾಗಿತು. ಸಾರವೆ ಕಟ್ಟಿದರು, ಹತ್ತಿದರು, ಬಳಿದರು, ಇಳಿದರು. ನನಗೆ ಒಂದೇ ಅನುಮಾನ. ಸುತ್ತಿಗೆಯ ಸದ್ದೇ ಕೇಳಲಿಲ್ಲವಲ್ಲ? ಸತ್ತ ಗಾರೆಯನ್ನು ಒಡೆದು ಕೆಡವಿ, ಕಂಬಿಯ ತುಕ್ಕು ಉಜ್ಜಿ, ಆಮೇಲಲ್ಲವೇ ಹೊಸ ಗಾರೆ ಹಾಕುವುದು?

ಕೇಳಿಯೂ ಕೇಳಿದೆ. “ಏನಪ್ಪಾ ಸಂಪತ್, ಹಳೇದನ್ನ ಒಡೆಯಲ್ವಾ?”

“ಅದೆಲ್ಲ ಹಳೇ ಕಾಲದ್ದು ಆಂಟಿ. ಈಗ ಕೆಮಿಕಲ್ ಬಂದಿದೆ. ಮೇಲೆ ಹಚ್ಚಿದ್ರೆ ಒಳಗಡೆ ತನಕ ಹಿಡ್ಕೊಳುತ್ತೆ.”

“ಎಲ್ಲದಕ್ಕೂ ಮೂಗು ತೂರಿಸಬೇಡ ಕಣೇ,” ಎಂದು ಯಜಮಾನರು ನನ್ನನ್ನೇ ಗದರಿದರು.

ನವೆಂಬರಿನಲ್ಲಿ ರಾಜ್ಯೋತ್ಸವ ಬಂತು. ಕೆಲಸ ಇನ್ನೂ ಪೂರ್ತಿ ಮುಗಿದಿಲ್ಲ, ಬಾದಾಮಿ ಬಣ್ಣ ಇನ್ನೂ ಒಣಗಿಲ್ಲ, ಇವರು ಅಟ್ಟದಿಂದ ಪೆಟ್ಟಿಗೆ ಇಳಿಸಿಯೇಬಿಟ್ಟರು. ಬಾವುಟ ಹಾರಿಸಿ, ನಾಡಗೀತೆ ಹಾಡಿಸಿ, ಸಂಪತ್‌ನನ್ನು ಕುರ್ಚಿಯಲ್ಲಿ ಕೂರಿಸಿ ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ. “ನಮ್ಮ ಕಟ್ಟಡಕ್ಕೆ ಮರುಜನ್ಮ ಕೊಟ್ಟ ಕಾಯಕಯೋಗಿ” ಎಂದು ಭಾಷಣ ಬೇರೆ. ಇಡೀ ಬ್ಲಾಕು ಚಪ್ಪಾಳೆ ತಟ್ಟಿತು. ಫೋಟೋ ನಾಲ್ಕೂ ಬ್ಲಾಕಿನ ವಾಟ್ಸಾಪ್ ಗುಂಪುಗಳಿಗೆ ಹೋಯಿತು. ಅಯ್ಯೋ ನನ್ನ ಕರ್ಮವೇ! ಬೇರೆ ಊರಿನವರು ಕೆಲಸ ಮುಗಿಸಿದವನನ್ನು ತನಿಖೆ ಮಾಡುತ್ತಾರೆ, ನಾವು ಮುಗಿಸುವ ಮೊದಲೇ ಹಾರ ಹಾಕುತ್ತೇವೆ.

ಡಿಸೆಂಬರಿನ ಒಂದು ಬೆಳಿಗ್ಗೆ ನಾನು ಪೂಜೆ ಮುಗಿಸಿ ಏಳುತ್ತಿದ್ದೆ. ಕೆಳಗೆ ಧಡ್ ಎಂದು ಸದ್ದಾಯಿತು, ಹಿಂದೆಯೇ ಯಾರೋ ಕಿರುಚಿದರು. ಬಾಲ್ಕನಿಯಿಂದ ಬಗ್ಗಿ ನೋಡಿದರೆ ಅಕ್ಕವ್ವನ ಅಂಗಳದ ತುಂಬ ದೂಳು.

ಅಕ್ಕವ್ವ ನೆಲಮಹಡಿಯ ಬಾಡಿಗೆ ಮನೆಯವಳು, ಸಿಂಧನೂರು ಕಡೆಯವಳು. ಗಂಡ ತೀರಿಕೊಂಡ ಮೇಲೆ ಮಗಳು ಸುವರ್ಣಾಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಬಂದವಳು. ಮನೆಯ ಹಿಂದಿನ ಚೂರು ಅಂಗಳದಲ್ಲಿ ಗ್ಯಾಸ್ ಒಲೆ ಇಟ್ಟು ಜೋಳದ ರೊಟ್ಟಿ ಬಡಿಯುತ್ತಾಳೆ. ವಿಜಯನಗರದ ಹಾಸ್ಟೆಲುಗಳಿಗೆ, ಅವಳ ಊರ ಕಡೆಯ ಡೆಲಿವರಿ ಹುಡುಗರಿಗೆ ಅವಳದೇ ರೊಟ್ಟಿ. ಸುವರ್ಣಾಳ ಕಾಲೇಜು ನಡೆಯುವುದು ಅದರಿಂದಲೇ. ಆ ಒಲೆಯ ನೆತ್ತಿಗೆ ಸರಿಯಾಗಿ ಮೊದಲನೇ ಮಹಡಿಯ ಉದ್ದನೆಯ ಸಜ್ಜಾ ಇದೆ.

ನಾನು ಮಂಡಿನೋವನ್ನೂ ಮರೆತು ಇಳಿದು ಓಡಿದೆ. ಸಜ್ಜಾದ ಅಡಿಯಿಂದ ಕಿತ್ತುಕೊಂಡು ಬಂದ ಗಾರೆಯ ಹೆಂಟೆ, ಅಂಗೈ ದಪ್ಪದ್ದು, ಕಾದ ಹೆಂಚಿನ ಮೇಲೆ ಬಿದ್ದಿತ್ತು. ಹೆಂಚು ಎಗರಿ ಅಕ್ಕವ್ವನ ಮೊಣಕೈ ಸುಟ್ಟಿತ್ತು.

“ನೀರು ತರಾಕ ಎದ್ದಿದ್ದೆರಿ ಅಮ್ಮಾರ,” ಎಂದಳು. “ಎದ್ದಿಲ್ಲಂದ್ರ ನನ್ನ ತಲಿ ಮ್ಯಾಲೇ ಬೀಳ್ತಿತ್ತು.”

ಅವಳ ಕೈಗೆ ತಣ್ಣೀರು ಸುರಿಯುತ್ತ ಮೇಲೆ ನೋಡಿದೆ. ಗಾರೆ ಕಿತ್ತ ಜಾಗದಲ್ಲಿ ಕಂಬಿ ಕಾಣುತ್ತಿತ್ತು. ಅದೇ ಹಳೆಯ ಕಂಬಿ, ಅದೇ ಹಳೆಯ ತುಕ್ಕು. ಕೆಮಿಕಲ್ಲೂ ಇಲ್ಲ, ಮಣ್ಣೂ ಇಲ್ಲ. ಉದುರುವ ಗಾರೆಯ ಮೇಲೆ ತೆಳ್ಳಗೆ ಸಿಮೆಂಟು ಬಳಿದು ಬಣ್ಣ ಹೊಡೆದಿದ್ದ ಮಹಾನುಭಾವ. ನನಗೆ ಮೈಯೆಲ್ಲ ಉರಿದುಹೋಯಿತು.

ಮಧ್ಯಾಹ್ನ ಸಂಪತ್ ಬಂದ. ಒಬ್ಬ ಆಳಿನಿಂದ ಆ ತೂತಿಗೆ ಸಿಮೆಂಟು ಮೆತ್ತಿಸಿ, ಬಣ್ಣ ಸವರಿಸಿ, ಕೈ ತೊಳೆದುಕೊಂಡ. ಆಮೇಲೆ ನಮ್ಮ ಯಜಮಾನರ ಕಡೆ ತಿರುಗಿದ.

“ಸಾರ್, ತಪ್ಪು ತಿಳ್ಕೋಬೇಡಿ. ಇದು ಹೀಟ್ ಪ್ರಾಬ್ಲಂ. ದಿನಾ ಬೆಳಗಿಂದ ಸಂಜೆ ತನಕ ಕೆಳಗಡೆ ಸ್ಟೌ ಉರೀತಿದ್ರೆ ಯಾವ ಸಿಮೆಂಟ್ ಸಾರ್ ನಿಲ್ಲುತ್ತೆ? ಅದರ ಮೇಲೆ ಈ ರೊಟ್ಟಿ ಬಡಿಯೋದು ಬೇರೆ. ತಪತಪ ತಪತಪ ಅಂತ ಒಂದೇ ಸಮನೆ ವೈಬ್ರೇಶನ್.”

ನಾನು ಬಾಯಿ ಬಿಟ್ಟುಕೊಂಡು ನಿಂತೆ. ರೊಟ್ಟಿ ಬಡಿದರೆ ಕಟ್ಟಡ ಬೀಳುವುದಾಗಿದ್ದರೆ ಉತ್ತರ ಕರ್ನಾಟಕದಲ್ಲಿ ಒಂದು ಮನೆಯಾದರೂ ನಿಂತಿರುತ್ತಿತ್ತೇ? ಅದನ್ನೇ ಅಂದೆ. ಸಂಪತ್ ನಕ್ಕ. ಯಜಮಾನರು ನಗಲಿಲ್ಲ, ಬೈಯಲೂ ಇಲ್ಲ.

ಆ ಭಾನುವಾರ ನಮ್ಮ ಮನೆಯ ಹಾಲ್‌ನಲ್ಲಿ ಸಂಘದ ಸಭೆ ನಡೆಯಿತು. ಬಾಡಿಗೆಯವರನ್ನು ಸಭೆಗೆ ಕರೆಯುವ ಪದ್ಧತಿ ಇಲ್ಲ, ಆದ್ದರಿಂದ ಅಕ್ಕವ್ವ ಬರಲಿಲ್ಲ. ಅವಳ ಮನೆಯ ಮಾಲೀಕ ಉದಯಕುಮಾರ್ ಆರ್‌ಪಿಸಿ ಲೇಔಟಿನಿಂದ ಬಂದಿದ್ದ. ಎರಡನೇ ಮಹಡಿಯ ಸೌಮ್ಯಶ್ರೀ, ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ, ಒಬ್ಬಳೇ ಎದ್ದು ನಿಂತು, “ಅಂಕಲ್, ಸಂಪತ್ ಅವರ ಕೆಲಸವೇ ಸರಿಯಿಲ್ಲ. ಅಕ್ಕವ್ವಂದೇನು ತಪ್ಪು?” ಎಂದಳು.

“ಅದು ಹಾಗಲ್ಲಮ್ಮ,” ಎಂದರು ನಮ್ಮವರು. “ನಾವೇ ಪೇಟ ತೊಡಿಸಿದೀವಿ. ಫೋಟೋ ಎಲ್ಲಾ ಕಡೆ ಹೋಗಿದೆ. ಒಂದು ತಿಂಗಳಲ್ಲಿ ಅದೇ ಬಾಯಲ್ಲಿ ಕಳಪೆ ಕೆಲಸ ಅಂದ್ರೆ ಜನ ನಮಗೇ ಉಗೀತಾರೆ.”

ಎಲ್ಲರೂ ತಲೆ ತಗ್ಗಿಸಿದರು. ಚಪ್ಪಾಳೆ ತಟ್ಟಿದ ಕೈಗಳಲ್ಲವೇ! ಕೊನೆಗೆ ಎಲ್ಲರಿಗೂ ಸುಲಭದ ದಾರಿ ಸಿಕ್ಕಿತು. ಅಕ್ಕವ್ವ ಅಂಗಳದಲ್ಲಿ ಒಲೆ ಹಚ್ಚಬಾರದು. ಉದಯಕುಮಾರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, “ಯಾಕೆ ತಲೆನೋವು ಸಾರ್? ಸಂಕ್ರಾಂತಿ ಹೊತ್ತಿಗೆ ಬೇರೆ ಮನೆ ನೋಡ್ಕೊಳ್ಳೋಕೆ ಹೇಳ್ಬಿಡ್ತೀನಿ” ಎಂದ. ಆ ಮಾತನ್ನು ತಾನು ಹೇಳುವ ಧೈರ್ಯ ಮಾತ್ರ ಅವನಿಗಿರಲಿಲ್ಲ. “ಆಂಟಿ, ನೀವು ಹೆಂಗಸರು, ನೀವೇ ಸ್ವಲ್ಪ ಹೇಳ್ಬಿಡಿ” ಎಂದು ನನ್ನ ತಲೆಗೆ ಕಟ್ಟಿ ಹೋದ.

ನಾನು ಹೇಳಲು ಹೋದಾಗ ಅಕ್ಕವ್ವ ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು ಹಿಟ್ಟು ನಾದುತ್ತಿದ್ದಳು, ಅದೇ ಸಜ್ಜಾದ ಕೆಳಗೆ. ಒಳಗಿನ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಬಾಗಿಲು ಹಾಕಲಾಗದು, ಅಲ್ಲಿ ನೂರಾರು ರೊಟ್ಟಿ ಎಲ್ಲಿ ಬಡಿಯುವುದು? ಸಭೆಯ ಮಾತನ್ನೆಲ್ಲ ಕೇಳಿದಳು. ಕೈ ನಿಲ್ಲಲಿಲ್ಲ.

“ರೊಟ್ಟಿ ಬಿಟ್ರ ನಾ ಏನ್ ಬಡೀಲಿರಿ ಅಮ್ಮಾರ, ಎದಿ?” ಎಂದಳು. “ಸುವರ್ಣಾಂದು ಮಾರ್ಚ್‌ನ್ಯಾಗ ಪರೀಕ್ಷಾ ಐತಿ. ಈಗ ಮನಿ ಬದ್ಲಿ ಮಾಡಿದ್ರ ಹಾಸ್ಟೆಲ್‌ನವ್ರು ಬ್ಯಾರೆ ಕಡಿ ಹೊಕ್ಕಾರ. ನಾ ಮತ್ತ ಮೊದ್ಲಿಂದ ಶುರು ಮಾಡ್ಬೇಕು.” ಆಮೇಲೆ ಮೆಲ್ಲಗೆ, “ನನ್ನ ಒಂದ್ ಮಾತು ಕೇಳ್ಬೇಕು ಅಂತ ಯಾರಿಗೂ ಅನಿಸ್ಲಿಲ್ಲೇನ್ರಿ?” ಎಂದಳು.

ನನಗೆ ನಾಚಿಕೆಯಾಯಿತು. ಕಣ್ಣಲ್ಲಿ ನೀರೂ ಬಂತು, ಸಿಟ್ಟೂ ಬಂತು. ನನ್ನ ಗಂಡನ ಮೇಲೆ ಎಲ್ಲಕ್ಕಿಂತ ಹೆಚ್ಚು ಬಂತು.

ಮೇಲೆ ಬಂದವಳೇ ಲಟ್ಟಣಿಗೆ ತೆಗೆದುಕೊಂಡೆ. ಇವರು ಹೆದರಿ ಪೇಪರ್ ಕೆಳಗಿಟ್ಟರು. ಅದು ಇವರಿಗಲ್ಲ. ಸೌಮ್ಯಶ್ರೀಯನ್ನು ಕೂಗಿ ಸ್ಟೂಲು ಹಿಡಿಸಿ, ನಮ್ಮ ಬಾಲ್ಕನಿ ಪಕ್ಕದ ಸಜ್ಜಾದ ಅಡಿಗೆ ಮೆಲ್ಲಗೆ ತಟ್ಟಿದೆ. ಡೊಬ್ ಡೊಬ್ ಎಂದಿತು, ಒಳಗೆ ಪೊಳ್ಳು. ಲಟ್ಟಣಿಗೆಯ ತುದಿಯಿಂದ ಮೀಟಿದರೆ ಬಾದಾಮಿ ಬಣ್ಣದ ಚೂರೊಂದು ಹಪ್ಪಳದ ಹಾಗೆ ಎದ್ದು ಬಂತು. ಅದರ ಹಿಂದೆ ಹಳೆಯ ಗಾರೆ ಪುಡಿಪುಡಿಯಾಗಿ ಸೆರಗಿಗೆ ಸುರಿಯಿತು.

“ನೋಡಿ ಬನ್ನಿ ಅಧ್ಯಕ್ಷರೇ,” ಎಂದೆ. “ಮೂರನೇ ಮಹಡೀಲಿ ಯಾರ್ರೀ ರೊಟ್ಟಿ ಬಡಿತಾರೆ?”

ಸೌಮ್ಯಶ್ರೀ ತನ್ನ ಮನೆಯದನ್ನೂ ತಟ್ಟಿ ಬಂದಳು. ಅಲ್ಲೂ ಪೊಳ್ಳು. ಇವರು ಬಹಳ ಹೊತ್ತು ಆ ಚೂರನ್ನು ಬೆರಳಲ್ಲಿ ಉಜ್ಜುತ್ತ ನಿಂತರು. ನಂತರ ಸಂಪತ್‌ಗೆ ಫೋನ್ ಮಾಡಿದರು. ಸ್ಪೀಕರಿಗೆ ಹಾಕಿಸಿದೆ.

“ಏನ್ ಸಾರ್ ನೀವು,” ಎಂದ ಸಂಪತ್, ಬೇಜಾರಾದವನ ಧ್ವನಿಯಲ್ಲಿ. “ಕಾಯಕಯೋಗಿ ಅಂದವರು ನೀವೇ. ಆವಾಗ ಚೆನ್ನಾಗಿತ್ತು, ಈಗ ಚೆನ್ನಾಗಿಲ್ವಾ? ಆ ಫೋಟೋ ನೋಡಿಯೇ ಸಿ ಬ್ಲಾಕಿನವರು ನನಗೆ ಕೆಲಸ ಕೊಡ್ತಾ ಇದಾರೆ. ಈಗ ನೀವು ಹೀಗಂದ್ರೆ ಅವರು ಯಾರನ್ನ ನೋಡಿ ಸಾರ್ ನಗ್ತಾರೆ?”

ಇವರು ಫೋನ್ ಇಟ್ಟು ಮುಖ ಒರೆಸಿಕೊಂಡರು. ಮೂವತ್ತು ವರ್ಷ ಸರ್ಕಾರಿ ಕೆಲಸ ಮಾಡಿ ಒಬ್ಬರ ಕೈಯಲ್ಲೂ ಒಂದು ಮಾತು ಅನ್ನಿಸಿಕೊಳ್ಳದ ಮನುಷ್ಯ. ಅದನ್ನು ನೋಡಿ ನನ್ನ ಸಿಟ್ಟು ಸ್ವಲ್ಪ ಇಳಿಯಿತು, ತಲೆ ಓಡತೊಡಗಿತು. ಸಂಪತ್‌ಗೆ ಸಿ ಬ್ಲಾಕು ಬೇಕು. ಅವನು ಹಿಡಿದುಕೊಂಡಿರುವುದು ನಮ್ಮ ಸನ್ಮಾನವನ್ನು. ಸರಿ, ಹಾಗಾದರೆ ಅದನ್ನೇ ಇನ್ನೊಂದು ಸಲ ಮಾಡೋಣ.

“ರೀ,” ಎಂದೆ, “ಅಟ್ಟದಿಂದ ಪೆಟ್ಟಿಗೆ ಇಳಿಸಿ.”

“ಯಾಕೇ?”

“ಸಂಪತ್‌ಗೆ ಇನ್ನೊಂದು ಸನ್ಮಾನ. ದೊಡ್ಡದಾಗಿ. ಸಿ ಬ್ಲಾಕು, ಡಿ ಬ್ಲಾಕು, ಎಲ್ಲರನ್ನೂ ಕರೀರಿ. ರೊಟ್ಟಿ ಊಟ ಹಾಕಿಸೋಣ.”

“ನಿನಗೇನು ತಲೆ ಕೆಟ್ಟಿದೆಯಾ?”

“ನೀವು ಶಾಲು ಹಿಡ್ಕೊಂಡು ನಿಂತ್ಕೊಳ್ಳಿ ಸಾಕು. ಕುರ್ಚಿ ಎಲ್ಲಿ ಹಾಕಬೇಕು ಅನ್ನೋದು ನನಗೆ ಬಿಡಿ.”

ಇವರಿಗೆ ಅರ್ಥವಾಗಲಿಲ್ಲ. ಸೌಮ್ಯಶ್ರೀಗೆ ತಕ್ಷಣ ಅರ್ಥವಾಯಿತು. “ಆಂಟಿ!” ಎಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ನಾವು ಸೋತು ರಾಜಿಗೆ ಬಂದೆವೆಂದುಕೊಂಡು ಸಂಪತ್ ಫೋನಿನಲ್ಲೇ ಹಿಗ್ಗಿಹೋದ. ಸಂಕ್ರಾಂತಿಗೆ ಮುಂಚಿನ ಭಾನುವಾರ ಗರಿಗರಿ ಬಿಳಿ ಅಂಗಿ ತೊಟ್ಟು ಬಂದ. ಸಿ ಬ್ಲಾಕಿನ ಅಧ್ಯಕ್ಷ ಶಿವಯೋಗಿಯವರು, ಡಿ ಬ್ಲಾಕಿನ ನಾಲ್ಕಾರು ಜನ, ನಮ್ಮವರೆಲ್ಲ, ಉದಯಕುಮಾರ್ ಕೂಡ ಬಂದ. ಅಕ್ಕವ್ವ ಬೆಳಗಿನ ಜಾವವೇ ರೊಟ್ಟಿ ಮುಗಿಸಿ ಒಲೆ ಆರಿಸಿದ್ದಳು. ಬದನೆಕಾಯಿ ಎಣ್ಣೆಗಾಯಿಯ ಪರಿಮಳ ಅಂಗಳದ ತುಂಬ ಹರಡಿತ್ತು. ಮಾರೇನಹಳ್ಳಿಯ ಶಾಮಿಯಾನ ಅಂಗಡಿಯಿಂದ ಮದುವೆಗೆ ಬಾಡಿಗೆ ಕೊಡುವ ಕೆಂಪು ಕುರ್ಚಿ ತರಿಸಿದ್ದೆ. ಅದನ್ನು ಎಲ್ಲಿ ಹಾಕಿಸಿದ್ದೆ ಗೊತ್ತೇ? ಅಕ್ಕವ್ವನ ಒಲೆಯ ಪಕ್ಕ, ಸಜ್ಜಾದ ನೇರ ಕೆಳಗೆ, ಅವನು ಮೆತ್ತಿಸಿದ ತೇಪೆ ನೆತ್ತಿಗೆ ಬರುವ ಹಾಗೆ. ಅಲ್ಲಿ ಯಾರೂ ಕೂರುವುದು ನನಗೆ ಬೇಕಿರಲಿಲ್ಲ. ಅವನು ಕೂರುವುದಿಲ್ಲ ಎಂದು ನನಗೆ ಗ್ಯಾರಂಟಿ ಇತ್ತು. ಕೂತೇಬಿಟ್ಟರೆ ಎಂಬ ಭಯವೂ ಇತ್ತು, ಸುಳ್ಳು ಹೇಳುವುದಿಲ್ಲ. ಹಾಗಾದರೆ ಕೂಡಲೇ ಎಬ್ಬಿಸು ಎಂದು ಸೌಮ್ಯಶ್ರೀಯನ್ನು ಕುರ್ಚಿಯ ಹಿಂದೆಯೇ ನಿಲ್ಲಿಸಿದ್ದೆ.

ಇವರು ಮೈಕು ಹಿಡಿದು, “ಶ್ರೀ ಸಂಪತ್ ಅವರು ಆಸನ ಅಲಂಕರಿಸಬೇಕು” ಎಂದರು.

ಸಂಪತ್ ಕೈಮುಗಿಯುತ್ತ, ನಗುತ್ತ ಬಂದ. ಕುರ್ಚಿಗೆ ಇನ್ನು ಎರಡು ಹೆಜ್ಜೆ ಇರುವಾಗ ಕತ್ತೆತ್ತಿ ಮೇಲೆ ನೋಡಿದ. ನಿಂತುಬಿಟ್ಟ.

“ಸಾರ್, ಚೇರು ಸ್ವಲ್ಪ ಮುಂದಕ್ಕೆ ಹಾಕೋಣ. ಫೋಟೋಗೆ ಲೈಟ್ ಚೆನ್ನಾಗಿ ಬರುತ್ತೆ.”

“ಅಲ್ಲಿ ಬಿಸಿಲು ಕಣಪ್ಪಾ,” ಎಂದೆ ನಾನು. “ಇಲ್ಲೇ ತಂಪು.”

“ಪರವಾಗಿಲ್ಲ ಆಂಟಿ, ನಿಂತ್ಕೊಂಡೇ ಹಾಕಿಸ್ಕೊತೀನಿ.”

“ನಿಂತ್ಕೊಂಡು ಪೇಟ ತೊಡೋಕೆ ಇದೇನು ರೇಷನ್ ಕ್ಯೂನಾ? ಕೂತ್ಕೋ.”

“ಅದಲ್ಲ, ಒಲೆ ಕಾವು...”

“ಒಲೆ ಆರಿಸಿ ಎಷ್ಟೊತ್ತಾಯ್ತು. ಮುಟ್ಟಿ ನೋಡು, ತಣ್ಣಗಿದೆ.”

ಶಿವಯೋಗಿಯವರಿಗೆ ಇದಾವುದೂ ಗೊತ್ತಿರಲಿಲ್ಲ, ಅವರಿಗೆ ಹಸಿವು. “ಕೂತ್ಕೊಳ್ರೀ ಸಂಪತ್, ಊಟ ಆರಿಹೋಗುತ್ತೆ” ಎಂದರು.

“ಇಲ್ಲ ಸಾರ್. ಅಲ್ಲಿ ಬೇಡ.”

“ಯಾಕೆ?”

ಸಂಪತ್ ಬಾಯಿ ತೆರೆದ. ಅವಲಕ್ಕಿಯನ್ನು ಹೊಗಳಿದ ಬಾಯಿ, ಕೆಮಿಕಲ್ಲು, ಹೀಟು, ವೈಬ್ರೇಶನ್ನು ಎಲ್ಲ ಹೇಳಿದ ಬಾಯಿ, ಮಾತೇ ಹೊರಡಲಿಲ್ಲ. ಜನ ಒಬ್ಬೊಬ್ಬರಾಗಿ ಕತ್ತೆತ್ತಿ ಸಜ್ಜಾ ನೋಡತೊಡಗಿದರು. ಶಿವಯೋಗಿಯವರು ಮೇಲೆ ನೋಡಿದರು, ಸಂಪತ್‌ನನ್ನು ನೋಡಿದರು, ಮತ್ತೆ ಮೇಲೆ ನೋಡಿದರು.

ಇಲ್ಲಿಯವರೆಗೆ ಎಲ್ಲವೂ ನಾನು ಅಂದುಕೊಂಡಂತೆಯೇ ನಡೆದಿತ್ತು. ಮುಂದಿನದು ನನ್ನ ಲೆಕ್ಕದಲ್ಲಿರಲಿಲ್ಲ. ರೊಟ್ಟಿಯ ಬುಟ್ಟಿಯ ಹತ್ತಿರ ನಿಂತಿದ್ದ ಅಕ್ಕವ್ವ ಸೆರಗು ಸರಿಮಾಡಿಕೊಂಡು ಬಂದಳು. ಯಾರನ್ನೂ ಕೇಳಲಿಲ್ಲ. ಸೌಮ್ಯಶ್ರೀ ಕೈ ಚಾಚುವುದರೊಳಗೆ ಕೆಂಪು ಕುರ್ಚಿಯಲ್ಲಿ ಕೂತುಬಿಟ್ಟಳು.

“ಅಕ್ಕವ್ವಾ, ಏಳು!” ನಾನು ಕಿರುಚಿದೆ.

“ಯಾಕ್ರಿ ಅಮ್ಮಾರ?” ಎಂದಳು. ಧ್ವನಿ ಏರಲಿಲ್ಲ. “ನಾ ದಿನಾ ಇಲ್ಲೇ ಕೂಡ್ತೀನಲ್ರಿ. ಮುಂಜಾನಿಂದ ಸಂಜೀತನಾ. ಅವ್ರಿಗೆ ಒಂದ್ ಫೋಟೋ ತಗಿಯೋಮಟ ಕೂಡಾಕ ಅಂಜಿಕಿ ಆತು. ನನಗ ಯಾರೂ ಏಳು ಅನ್ಲಿಲ್ಲ. ಒಲಿ ಆರ್ಸು ಅಂದ್ರಿ, ಮನಿ ಬಿಡು ಅಂದ್ರಿ. ಏಳವ್ವಾ, ಕಲ್ಲು ಬೀಳ್ತೈತಿ ಅಂತ ಒಬ್ರೂ ಅನ್ಲಿಲ್ಲ.”

ನಾನು ಇಷ್ಟೆಲ್ಲ ಉಪಾಯ ಮಾಡಿದ್ದು ಸಂಪತ್‌ನ ಮುಖ ನೋಡಲು. ಇವಳ ಮುಖವನ್ನು ನಾನೂ ಸರಿಯಾಗಿ ನೋಡಿರಲಿಲ್ಲ.

ಮೊದಲು ಅಲುಗಾಡಿದವರು ನಮ್ಮ ಯಜಮಾನರು. ಮೈಕನ್ನು ನೆಲದ ಮೇಲಿಟ್ಟರು. ಶಾಲನ್ನೂ ಪೇಟವನ್ನೂ ಯಾರ ಕೈಗೋ ತುರುಕಿ, ಸಜ್ಜಾದ ಕೆಳಕ್ಕೆ ನೇರ ಹೋಗಿ, ಅಕ್ಕವ್ವನ ಸುಟ್ಟಿರದ ಕೈ ಹಿಡಿದರು. “ಏಳಮ್ಮಾ,” ಎಂದರು. “ಬೀಳುತ್ತೆ ಅದು. ಏಳು ತಾಯಿ.” ಅವಳನ್ನು ಬಿಸಿಲಿಗೆ ಕರೆದುಕೊಂಡು ಬಂದು ನಿಲ್ಲಿಸಿದರು. ಕುರ್ಚಿಯನ್ನು ತಾವೇ ಎಳೆದು ಈಚೆ ಹಾಕಿದರು.

ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು, ಮೈಕಿಲ್ಲದೆ. “ಶಿವಯೋಗಿಯವರೇ, ನಾನು ಇವರಿಗೆ ಪೇಟ ತೊಡಿಸಿದ್ದು ತಪ್ಪಾಯ್ತು. ಕೆಲಸ ನೋಡದೆ ತೊಡಿಸಿದೆ. ಮುಜುಗರಕ್ಕೆ ಬಾಯಿ ಮುಚ್ಚಿಕೊಂಡೆ, ಅದು ಇನ್ನೂ ದೊಡ್ಡ ತಪ್ಪು. ಆ ಫೋಟೋ ನಂಬಬೇಡಿ. ಮೇಲೆ ಬನ್ನಿ, ನಮ್ಮ ಸಜ್ಜಾ ತಟ್ಟಿ ನೋಡಿ.”

ನಲವತ್ತು ವರ್ಷದ ಸಂಸಾರದಲ್ಲಿ ಇವರು ಮಾಡಿದ ಭಾಷಣಗಳನ್ನೆಲ್ಲ ಕೇಳಿದ್ದೇನೆ. ಇಷ್ಟು ಚಿಕ್ಕದು, ಇಷ್ಟು ಚೆನ್ನಾದದ್ದು ಇದೊಂದೇ. ನನಗೆ ಇವರ ಮೇಲೆ ಬಹಳ ಪ್ರೀತಿ ಬಂತು. ಅದನ್ನು ಇವತ್ತಿಗೂ ಹೇಳಿಲ್ಲ.

ಶಿವಯೋಗಿಯವರು ತಟ್ಟಿ ನೋಡಲು ಹೋಗಲಿಲ್ಲ. “ಬೇಡ ಬಿಡಿ, ಕೂರಲ್ಲ ಅಂದಿದ್ದನ್ನ ಕಣ್ಣಾರೆ ನೋಡಿದ್ವಲ್ಲ” ಎಂದು ಸಂಪತ್ ಕಡೆ ತಿರುಗಿದರು. “ನೋಡಪ್ಪಾ, ಮೊದಲು ಇವರ ಬ್ಲಾಕಿನ ಸಜ್ಜಾ ಪೂರ್ತಿ ಒಡೆದು ಸರಿ ಮಾಡು. ಆಮೇಲೆ ಅದರ ಕೆಳಗೆ ನೀನೇ ಕೂತು ಊಟ ಮಾಡು. ಆಗ ನಮ್ಮ ಬ್ಲಾಕಿನ ಮಾತು.”

ಸಂಪತ್ ಅಂಗಿಯ ಕಾಲರಿನಿಂದ ಕತ್ತು ಒರೆಸಿಕೊಂಡ. “ನಾಳೆ ಒಡೆಯೋಕೆ ಜನ ಕರ್ಕೊಂಡು ಬರ್ತೀನಿ ಸಾರ್” ಎಂದ. ಅಕ್ಕವ್ವನ ಮುಖ ನೋಡಿದ. “ರೊಟ್ಟಿಯಿಂದ ಅಲ್ಲಮ್ಮ. ನಾನೇ ಸುಳ್ಳು ಹೇಳಿದೆ” ಎಂದ. ಅಷ್ಟಾದರೂ ಅಂದನಲ್ಲ ಎಂದು ಅವನ ಮೇಲೂ ನನಗೆ ಕೊಂಚ ಕನಿಕರ ಬಂತು. ಕೊಂಚ ಮಾತ್ರ.

ಈಗ ಎಲ್ಲರೂ ಒಟ್ಟಿಗೆ ಒಳ್ಳೆಯವರಾಗತೊಡಗಿದರು. ಉದಯಕುಮಾರ್ ಮುಂದೆ ಬಂದು, “ಅಕ್ಕವ್ವ, ಮನೆ ಬಿಡೋದೇನೂ ಬೇಡ. ನೀವು ಇಲ್ಲೇ ಇರಿ” ಎಂದು ದೊಡ್ಡ ಮನಸ್ಸಿನವನ ಹಾಗೆ ಹೇಳಿದ. ಒಲೆಗೆ ಸದ್ಯಕ್ಕೆ ತಮ್ಮ ಗ್ಯಾರೇಜು ಬಿಟ್ಟುಕೊಡುತ್ತೇವೆ ಎಂದರು ಇನ್ನೊಬ್ಬರು. ಸುವರ್ಣಾ ಅಮ್ಮನ ಪಕ್ಕ ಬಂದು ನಿಂತು ಅವಳ ಸೆರಗು ಹಿಡಿದುಕೊಂಡಳು.

ಅಕ್ಕವ್ವ ಎಲ್ಲರ ಮಾತು ಮುಗಿಯಲಿ ಎಂದು ಕಾದಳು.

“ಹೋಗು ಅಂದಾವ್ರೂ ನೀವ, ಇರು ಅನ್ನಾವ್ರೂ ನೀವ,” ಎಂದಳು. “ನನ್ನ ವಿಷ್ಯ ಮಾತಾಡೂಮುಂದ ನನ್ನ ಒಮ್ಮೆರ ಕರೀರಿ. ನನ್ನ ಕೇಳ್ರಿ.”

ಉದಯಕುಮಾರ್ ನೆಲ ನೋಡಿದ. ನಮ್ಮ ಯಜಮಾನರು ಸಭೆಯಲ್ಲಿ ಸದಸ್ಯರನ್ನು ಕೇಳುವ ಅದೇ ಗೌರವದ ದನಿಯಲ್ಲಿ, “ಈಗ ಕೇಳ್ತಾ ಇದೀನಿ ಅಕ್ಕವ್ವನವರೇ. ಎಲ್ಲರ ಪರವಾಗಿ ಕೇಳ್ತಾ ಇದೀನಿ. ಇರ್ತೀರಾ?” ಎಂದರು.

ಅವಳು ಒಲೆ ನೋಡಿದಳು, ಮಗಳನ್ನು ನೋಡಿದಳು, ಆ ಸಜ್ಜಾವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಒಲ್ಲೆ ಎಂದುಬಿಟ್ಟರೆ ಎಂದು ನನಗೆ ಹೆದರಿಕೆಯಾಯಿತು. ಅನ್ನಲು ಅವಳಿಗೆ ಎಲ್ಲ ಹಕ್ಕೂ ಇತ್ತು. ಇಡೀ ಬ್ಲಾಕು, ಮನೆಯ ಮಾಲೀಕನೂ ಸೇರಿ, ಒಬ್ಬ ಬಾಡಿಗೆಯವಳ ಬಾಯಿಂದ ಏನು ಬರುತ್ತದೋ ಎಂದು ಬಿಸಿಲಲ್ಲಿ ಕಾದು ನಿಂತಿತ್ತು.

“ಇರ್ತೀನ್ರಿ,” ಎಂದಳು ಕೊನೆಗೆ. “ಆದ್ರ ಸಿಮೆಂಟ್ ಕಲಸೂಮುಂದ ನಾ ಮುಂದ ನಿಂತಿರ್ತೀನಿ. ಹಿಟ್ಟು ಹದಾ ಆಗೂತನಾ ಒಂದ್ ರೊಟ್ಟೀನೂ ಬಡದಾಕಿ ಅಲ್ಲ ನಾನು.”

ಮೊದಲು ನಕ್ಕವಳು ಸೌಮ್ಯಶ್ರೀ, ಆಮೇಲೆ ಎಲ್ಲರೂ. ಅಕ್ಕವ್ವ ಮಾತ್ರ ನಗಲಿಲ್ಲ. ಎಷ್ಟು ಹೊತ್ತಿಗೆ ಶುರು ಮಾಡುತ್ತೀ ಎಂದು ಸಂಪತ್‌ನನ್ನು ಕೇಳುತ್ತಿದ್ದಳು.